ದಂಡಿನ ಕಲ್ಲು ಕಾಯುವ ಪಾರಿಸಪ್ಪ

ಬೆಳಗಿನ ಆರು ಗಂಟೆ. ಮುಧೋಳಕ್ಕೆ ಹೋಗುವ ರಸ್ತೆಯ ಬದಿಗೆ ಕುಕ್ಕರಗಾಲಲ್ಲಿ ಕೂತ ಪಾರಿಸಪ್ಪ ಒಂದು ಕಲ್ಲಿನ ಮೇಲಿನ ಕುಂಕುಮ ಒರೆಸುತ್ತಿದ್ದಾರೆ. ಕೈಯಲ್ಲಿ ಸೀಮೆಎಣ್ಣೆ ಅದ್ದಿದ ಅರಿವೆ, ಬಾಯಲ್ಲಿ ಬೈಗುಳ.

“ಮೊನ್ನೆ ಒರಸೇನ್ರಿ. ಮತ್ತ ಎಣ್ಣಿ, ಮತ್ತ ಕುಂಕುಮ, ಮ್ಯಾಲೊಂದು ಲಿಂಬಿಹಣ್ಣ! ಇದು ದೇವ್ರಲ್ಲ ಅಂತ ಎಷ್ಟ ಮಂದಿಗೆ ಹೇಳಲಿ? ಸಾಲಿ ಕಲತಾರ, ಓದಾಕ ಏನ ಧಾಡಿ?”

ಪಾರಿಸಪ್ಪ ತೇರದಾಳದ ಜೈನ ಮನೆತನದವರು, ಅರವತ್ಮೂರರ ಬೋರ್ಡು ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚಕ್ಕೆ ಕೆಲಸ ಕಡಿಮೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಸೀಮೆಯಲ್ಲಿದ್ದ ದಂಡಿನ ಮುಖ್ಯ ಕಚೇರಿಯ ನೆನಪಿಗೆ ಜಮಖಂಡಿ, ಮುಧೋಳ, ಬೀಳಗಿ ಕಡೆಯ ರಸ್ತೆಗಳಲ್ಲಿ ಸರಕಾರದವರು ಆರು ಕಲ್ಲು ನೆಟ್ಟಿದ್ದಾರೆ. ಒಂದು ಕಚೇರಿ ಇದ್ದ ಜಾಗಕ್ಕೆ, ಒಂದು ಕುದುರೆ ಲಾಯಕ್ಕೆ, ಇನ್ನೊಂದು ಬನಹಟ್ಟಿಯ ಮಗ್ಗದಿಂದ ಬಂದ ಗಾಯದ ಪಟ್ಟಿಯ ಬಟ್ಟೆ ಇಳಿಸುತ್ತಿದ್ದ ಉಗ್ರಾಣಕ್ಕೆ, ಹೀಗೆ. ಆರನೆಯದರ ಮೇಲೆ, ಇಲ್ಲಿಂದ ಹೊರಟು ತಿರುಗಿ ಬಾರದ ಹನ್ನೊಂದು ಜನರ ಹೆಸರುಗಳಿವೆ. ಇಪ್ಪತ್ತೆರಡು ವರ್ಷದ ಹಿಂದೆ ಅಧಿಕಾರಿಯೊಬ್ಬರು ಈ ಅಕ್ಷರಗಳಿಗೆ ಬಣ್ಣ ತುಂಬಲು ಇವರನ್ನು ಕರೆಸಿದ್ದರು. ಅಧಿಕಾರಿ ವರ್ಗವಾಗಿ ಹೋದರು, ಪಾರಿಸಪ್ಪ ಮಾತ್ರ ಇನ್ನೂ ಬಿಟ್ಟಿಲ್ಲ. ವಾರಕ್ಕೆರಡು ಸಲ ಹಳೆಯ ಲೂನಾದ ಮೇಲೆ ಆರೂ ಕಲ್ಲು ಸುತ್ತುತ್ತಾರೆ, ತೊಂಬತ್ತು ಕಿಲೋಮೀಟರು. “ಮನಿ ಬಾಗಲಾ ಬಣ್ಣ ಕಂಡು ಆರ ವರ್ಷಾತ್ರಿ,” ಎಂದು ಹೆಂಡತಿ ರಾಜಮತಿ ಮೂಗು ಮುರಿಯುತ್ತಾರೆ.

ಕುಂಕುಮ ಹಚ್ಚುವವರು ಹೆಚ್ಚಾಗಿ ಕಬ್ಬಿನ ಟ್ರ್ಯಾಕ್ಟರಿನವರು. ನೆಟ್ಟಗೆ ನಿಂತ ಕಲ್ಲು ಕಂಡರೆ ನಮ್ಮ ಮಂದಿಯ ಕೈ ಸುಮ್ಮನಿರುವುದಿಲ್ಲ. ಲಾಯದ ಕಲ್ಲಿಗಂತೂ ತಗಡಿನ ಚಪ್ಪರವೇ ಬಂದಿದೆ, ಅದರ ಅಕ್ಷರ ಈಗ ಬೆರಳಳತೆ ಕುಂಕುಮದ ಕೆಳಗೆ. ಅದೊಂದನ್ನು ಒರೆಸುವುದನ್ನು ಪಾರಿಸಪ್ಪ ಕೈಬಿಟ್ಟಿದ್ದಾರೆ.

ಆರನೆಯ ಕಲ್ಲಿಗೆ ಮಾತ್ರ ಎಣ್ಣೆಯ ಹನಿ ಬೀಳಲೂ ಬಿಟ್ಟಿಲ್ಲ. ಅದಕ್ಕೆ ಕಾರಣ ಸೋಮವ್ವ. ಎಂಬತ್ತು ದಾಟಿದ ಈ ಅಜ್ಜಿ ಕೈಗೂಸಾಗಿದ್ದಾಗ ತಂದೆ ದಂಡಿಗೆ ಹೋದವರು. ಫೋಟೋ ಇಲ್ಲ, ಸಮಾಧಿ ಇಲ್ಲ. ಪ್ರತಿ ಅಮಾವಾಸ್ಯೆಗೆ ಬಂದು, ಓದು ಬಾರದಿದ್ದರೂ ಅಪ್ಪನ ಹೆಸರಿರುವ ನಾಲ್ಕನೆಯ ಸಾಲು ಎಣಿಸಿ, ಕೆತ್ತಿದ ಅಕ್ಷರದ ಮೇಲೆ ಬೆರಳಾಡಿಸುತ್ತಾಳೆ.

ಎರಡು ತಿಂಗಳ ಮೇಲೆ ನಾನು ಮತ್ತೆ ಹೋದಾಗ ಆ ರಸ್ತೆಗಳನ್ನೆಲ್ಲ ಅಗಲ ಮಾಡುವ ಕೆಲಸ ನಡೆದಿತ್ತು. ಪಾರಿಸಪ್ಪ ತಿಕ್ಕಿ ತೊಳೆದಿಟ್ಟಿದ್ದ ನಾಲ್ಕು ಕಲ್ಲುಗಳನ್ನು ಜೆಸಿಬಿ ಕಿತ್ತು ತಗ್ಗಿಗೆ ತುಂಬಿತ್ತು. ಲಾಯದ ಕಲ್ಲಿನ ಮುಂದೆ ಮಾತ್ರ ಜೆಸಿಬಿಯ ಚಾಲಕ ದುರಗೇಶ ಚಪ್ಪಲಿ ಬಿಟ್ಟು ಕೈಮುಗಿದಿದ್ದ. ಡಾಂಬರು ಅಲ್ಲಿ ಸೊಂಟ ತಿರುಗಿಸಿಕೊಂಡು ಹೋಗಿದೆ! ಪಾರಿಸಪ್ಪ ಕಚೇರಿಗೆ ಅಲೆದರು. ನಕಾಶೆಯಲ್ಲಿ ಕಲ್ಲುಗಳೇ ಇಲ್ಲವಂತೆ, ಅರ್ಜಿ ಕೊಡಬೇಕಂತೆ. ಕೇಳಿ ನನ್ನ ಮೈಯೇ ಉರಿಯಿತು.

ಆರನೆಯದರ ಸರದಿ ಮರುದಿನ ಬರಲಿತ್ತು.

“ಏನ ಮಾಡಲ್ರಿ? ಪ್ಯಾಟಿಗೆ ಹೋಗಿ ಕುಂಕುಮ ತಂದೆ,” ಎಂದರು ಪಾರಿಸಪ್ಪ. “ಮುಸ್ಸಂಜಿಗೆ ನನ್ನ ಕೈಯಾರೆ ಕಲ್ಲಿನ ತಲಿಗೆ ಎಣ್ಣಿ ಹಚ್ಚಿದೆ, ಕುಂಕುಮ ಬಳದೆ, ಲಿಂಬಿಹಣ್ಣ ಇಟ್ಟೆ. ಹೆಸರು ಮಾತ್ರ ಬಿಟ್ಟೆ. ಇಪ್ಪತ್ತೆರಡು ವರ್ಷ ಮಂದಿಗೆ ಬೈದಾಂವ ನಾ! ನಾಚಿಕಿ ಬಂತ್ರಿ. ಮುಂಜಾನೆ ದುರಗೇಶ ಬಂದ, ಚಪ್ಪಲಿ ಬಿಟ್ಟ, ಕೈಮುಗದ, ಹೋದ.”

ಅಮಾವಾಸ್ಯೆಯ ದಿನ ನಾನೂ ಅಲ್ಲಿದ್ದೆ. ಸೋಮವ್ವ ಬಂದಳು, ಕುಂಕುಮ ನೋಡಿ ನಾಲ್ಕು ಮಾರು ದೂರವೇ ನಿಂತು ಸೆರಗು ಹೊದ್ದಳು. “ದೇವ್ರ ಆಗ್ಯಾನಲ್ಲೋ ಯಪ್ಪಾ, ಹೆಂಗ ಮುಟ್ಟಲಿ? ನಾ ಸ್ನಾನಾನೂ ಮಾಡಿಲ್ಲ.”

“ದೇವ್ರಲ್ಲ ಬೇ! ನಿಮ್ಮಪ್ಪ. ಮುಟ್ಟು,” ಎಂದು ಪಾರಿಸಪ್ಪ ರೇಗಿಯೇಬಿಟ್ಟರು. ಅವಳ ಕೈ ಹಿಡಿದು ನಾಲ್ಕನೆಯ ಸಾಲಿನ ಮೇಲಿಟ್ಟರು. ಅಜ್ಜಿಯ ಬೆರಳು ಬಹಳ ಹೊತ್ತು ಅಲ್ಲೇ ಇತ್ತು.

ಹೊರಡುವಾಗ ಪಾರಿಸಪ್ಪ ನನ್ನ ನೋಟಬುಕ್ಕಿನ ಮೇಲೆ ಕೈಯಿಟ್ಟರು. “ಪೇಪರಿನ್ಯಾಗ ನನ್ನ ಹೆಸರ ಬರದ್ರ ಬರೀರಿ, ಬಿಟ್ರ ಬಿಡ್ರಿ. ಈ ಕಲ್ಲು ಯಾವ ಊರ ಹಂತ್ಯಾಕ ಐತಿ ಅಂತ ಮಾತ್ರ ಬರೀಬ್ಯಾಡ್ರಿ. ದೇವ್ರಲ್ಲ ಅಂತ ಗೊತ್ತಾತಂದ್ರ ನಾಳೆನ ಕೀಳತಾರ.”