ಮೆಟ್ಟಿಲ ಮೇಲೆ ಕಲಿತ ಇಂಗ್ಲಿಷು

ಎತ್ತಿನ ಬಾಯಿಗೆ ಕೈ ಹಾಕಿ, ಹಲ್ಲು ನೋಡಿ, ವಯಸ್ಸು ಹೇಳುವುದರಲ್ಲಿ ನಾನು ಯಾರಿಗೂ ಸೋತವನಲ್ಲ. ನನ್ನನ್ನು ಸೋಲಿಸಿ, ದಣಿಸಿ, ಮೂಲೆಗೆ ಕೂರಿಸಿದ್ದು ಇಂಗ್ಲಿಷಿನ ‘ಎಸ್’ ಎಂಬ ಒಂದೇ ಒಂದು ಅಕ್ಷರ.

ಅದರ ಕಾಟ ನಿಮಗೂ ಗೊತ್ತಿರಬೇಕು. ಎತ್ತು ಒಂದಿದ್ದರೆ ‘ದ ಬುಲ್ ಈಟ್ಸ್’. ಜೋಡಿಯಾದರೆ ‘ದ ಬುಲ್ಸ್ ಈಟ್’. ಎತ್ತಿಗೆ ಎಸ್ ಬಂತೋ, ತಿನ್ನುವುದರ ಎಸ್ ಹೋಯಿತು. ನಾನು ನೆನಪಿಟ್ಟುಕೊಂಡ ಬಗೆ ಹೇಳುತ್ತೇನೆ, ಬೇಕಾದರೆ ನೀವೂ ಇಟ್ಟುಕೊಳ್ಳಿ: ಮನೆಯಲ್ಲಿರುವುದು ಒಂದೇ ಗಂಟೆ. ಅದನ್ನು ಕರ್ತೃವಿನ ಕೊರಳಿಗೆ ಕಟ್ಟಿದರೆ ಕ್ರಿಯಾಪದಕ್ಕಿಲ್ಲ, ಕ್ರಿಯಾಪದಕ್ಕೆ ಕಟ್ಟಿದರೆ ಕರ್ತೃವಿಗಿಲ್ಲ. ಇಷ್ಟು ಚೆನ್ನಾಗಿ ತಿಳಿದೂ ಮಾತಾಡಲು ಹೋದಾಗ ಎರಡಕ್ಕೂ ಗಂಟೆ ಕಟ್ಟುತ್ತೇನೆ, ಇಲ್ಲವೇ ಎರಡನ್ನೂ ಬೋಳು ಬಿಡುತ್ತೇನೆ. ಅದಿರಲಿ, ಹೆತ್ತ ಅಪ್ಪ ಮನೆಗೆ ಬಂದರೂ ಎಷ್ಟು ಜನ ಬಂದರು ಎಂದು ಎಣಿಸಿಯೇ ಕ್ರಿಯಾಪದ ಕೊಡುವ ಭಾಷೆ ಅದು. ನಾವು ಒಬ್ಬರೇ ಅಪ್ಪನಿಗೂ ‘ಬಂದರು’ ಎಂದು ಬೆಳೆದವರು. ಈ ವಯಸ್ಸಿನಲ್ಲಿ ಅಪ್ಪನನ್ನು ಏಕವಚನಕ್ಕೆ ಇಳಿಸುವುದೆಂದರೆ ನಾಲಗೆಗೂ ದಣಿವು.

ಇಷ್ಟಕ್ಕೂ ಇಂಗ್ಲಿಷು ಬೇಕಾಗಿದ್ದು ನನಗಲ್ಲ, ಸೊಸೆ ಸುಜಾತಾಳಿಗೆ. ಮದುವೆಯಾದ ಮೇಲೂ ಓದಿ ಪಾಸಾದವಳು. ಬೈಲಹೊಂಗಲದ ಒಂದು ಚಿಕ್ಕ ಮಕ್ಕಳ ಶಾಲೆಯಲ್ಲಿ ಜಾಗ ಖಾಲಿ ಇತ್ತು; ದಸರೆಯ ರಜೆ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿಯ ಎದುರು ಮಕ್ಕಳಿಗೆ ಒಂದು ಪಾಠವನ್ನು ಇಂಗ್ಲಿಷಿನಲ್ಲೇ ಮಾಡಿ ತೋರಿಸಬೇಕು. ಬಾಯಿ ಬಿಟ್ಟರೆ ಕೆಲಸ, ಬಿಡದಿದ್ದರೆ ಇಲ್ಲ. ಅದಕ್ಕಾಗಿ ಅಲ್ಲಿಯ ಬಸ್ ನಿಲ್ದಾಣದ ಹಿಂದೆ ಶಬಾನಾ ಟೀಚರ್ ಮಹಡಿಯ ಕೋಣೆಯಲ್ಲಿ ನಡೆಸುವ ವ್ಯಾಕರಣದ ಕ್ಲಾಸಿಗೆ ಅವಳನ್ನು ಹಚ್ಚಿದೆವು. ಮಗ ಲಾರಿಯ ಮೇಲೆ ಊರೂರು ತಿರುಗುವವನು. ಸಂಜೆ ನಮ್ಮೂರು ನೇಸರಗಿಯಿಂದ ಅವಳನ್ನು ಕರೆದುಕೊಂಡು ಹೋಗಿ ಬರುವ ಕೆಲಸ ನನಗೆ ಬಂತು.

ಹೋದ ಮೇಲೆ ಸುಮ್ಮನೆ ಹೊರಗೆ ಕೂತು ಬರುವುದು ವ್ಯಾಪಾರಸ್ಥನ ಲಕ್ಷಣವಲ್ಲ. ಒಬ್ಬರ ಫೀಗೆ ಇಬ್ಬರನ್ನು ಕೂರಿಸಿಕೊಳ್ಳಿ ಎಂದು ಟೀಚರಿಗೆ ಗಂಟುಬಿದ್ದೆ. ರಾಮದುರ್ಗದ ಹೆಣ್ಣುಮಗಳು, ಮಾತಿಗೆ ಸೋಲುವವರಲ್ಲ.

“ಕಾಕಾ, ಜೋಡಿ ಮ್ಯಾಲ ಎತ್ತ ಮಾರ್ತಾರ್ರಿ, ಪಾಠ ಅಲ್ಲ,” ಅಂದರು.

ಕೊನೆಗೆ ಇಬ್ಬರಿಗೂ ಸೇರಿ ಒಂದೂವರೆ ಫೀಗೆ ಒಪ್ಪಿದರು. ಗೆದ್ದೆ ಎಂದುಕೊಂಡು ಮೊದಲ ಬೆಂಚಿನಲ್ಲಿ ಕೂತೆ.

ಸುಜಾತಾ ಹಿಂದಿನ ಬೆಂಚಿನಲ್ಲಿ, ತಲೆಯ ಮೇಲೆ ಸೆರಗು, ಕಣ್ಣು ನೆಲದಲ್ಲಿ. ಟೀಚರ್ ಬೋರ್ಡಿನ ಮೇಲೆ ‘ದ ಓನರ್ ಆಫ್ ದ ಬುಲ್ಸ್’ ಎಂದು ಬರೆದು, ಮುಂದೆ ‘ಈಸ್’ ಬರಬೇಕೋ ‘ಆರ್’ ಬರಬೇಕೋ ಎಂದು ಅವಳನ್ನೇ ಕೇಳಿದರು. ಅವಳು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಮನೆತನದ ಮರ್ಯಾದೆ ಉಳಿಸಲು ನಾನೇ “ಆರ್!” ಎಂದು ಕೂಗಿದೆ. ತಪ್ಪು. ‘ಆಫ್ ದ ಬುಲ್ಸ್’ ಅನ್ನುವುದು ನಡುವೆ ಬಂದು ಕೂತ ಪದಗುಚ್ಛವಂತೆ. ಅದು ಎಷ್ಟೇ ದಪ್ಪಗಿರಲಿ, ಅದರಲ್ಲಿ ಎಷ್ಟೇ ಎತ್ತುಗಳಿರಲಿ, ಅದನ್ನು ಪಕ್ಕಕ್ಕೆ ಸರಿಸಿ ಕರ್ತೃ ಯಾರೆಂದು ನೋಡಬೇಕಂತೆ. ಸಂತೆಯಲ್ಲೂ ಹಾಗೆಯೇ, ಎದುರಿಗೆ ನಿಂತ ಎತ್ತನ್ನೇ ನೋಡುತ್ತ ಮಾಲೀಕನ ಮುಖ ಮರೆತವನು ಕೆಡುತ್ತಾನೆ. ಇದನ್ನು ನಾನು ಕ್ಲಾಸಿಗೆಲ್ಲ ವಿವರಿಸಿ ಹೇಳಿದೆ. ಸುಜಾತಾ ಮಾತ್ರ ತುಟಿ ಎರಡು ಮಾಡಲಿಲ್ಲ.

ದಿನಗಳು ಹೋದವು, ಅವಳ ಬಾಯಿ ತೆರೆಯಲಿಲ್ಲ. ನಾನು ಇನ್ನಷ್ಟು ಸಹಾಯಕ್ಕೆ ನಿಂತೆ. ವಾಪಸು ಬರುವಾಗ ಅವಳು ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಅಲ್ಲಿಂದಲೇ ಬಸ್ಸಿಗೆಲ್ಲ ಕೇಳುವಂತೆ “ಹಿ ಗೋಸ್, ದೇ ಗೋ” ಎಂದು ಹೇಳಿಕೊಡುತ್ತಿದ್ದೆ. ಕಂಡಕ್ಟರನಿಗೆ ಬಾಯಿಪಾಠವಾಯಿತು. ಅವಳು ಕಿಟಕಿಯ ಕಡೆ ಮುಖ ಮಾಡಿದಳು.

“ಕಾಕಾ, ಹಿಂಗಾದ್ರ ಆ ದಿನ ಮಕ್ಕಳ ಮುಂದ ಹೆಂಗ ನಿಂದರ್ತಾರ್ರಿ?” ಎಂದು ಟೀಚರೂ ಚಿಂತೆಯಿಂದ ಕೇಳಿದರು. ಮನೆಗೆ ಬಂದು ಹೆಂಡತಿ ಕಾಶವ್ವನಿಗೆ ಹೇಳಿದೆ, “ನಿನ್ನ ಸೊಸಿ ಬಾಯಾಗ ನೀರ ತುಂಬಕೊಂಡ ಕುಂಡರ್ತಾಳ ನೋಡ.”

“ನಿಮಗ ಎತ್ತಿನ ಹಲ್ಲ ಅಷ್ಟ ತಿಳೀತಾವ,” ಅಂದು ಅವಳು ರೊಟ್ಟಿ ತಟ್ಟತೊಡಗಿದಳು. ಹೆಂಡತಿಯ ಎಲ್ಲ ಮಾತಿನ ಹಾಗೆ ಇದನ್ನೂ ಬಿಟ್ಟುಬಿಟ್ಟೆ.

ನಮ್ಮ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿಯೇ ವ್ಯಾಪಾರ. ಸುಮ್ಮನಿರುವವನ ಮನಸ್ಸಿನಲ್ಲಿ ಏನಿದೆ ಎಂದು ಓದುವುದೇ ನನ್ನ ಅನ್ನ. ಒಂದು ದಿನ ಸವದತ್ತಿ ಕಡೆಯ ಗಿರಾಕಿಯೊಬ್ಬ ಟವೆಲಿನೊಳಗಿನ ಕೈ ಬಿಡಲೊಲ್ಲ. ಸುಜಾತಾ ಕಾಶವ್ವನ ಜೊತೆ ಬಸ್ಸು ಹತ್ತಲಿ ಎಂದು ಮನೆಗೆ ಹೇಳಿಕಳಿಸಿ, ವ್ಯಾಪಾರ ಮುಗಿಸಿಕೊಂಡು ತಡವಾಗಿ ಕ್ಲಾಸಿನ ಕಡೆ ಹೋದೆ. ಕಾಶವ್ವ ಕೆಳಗೆ ಬಳೆ ಅಂಗಡಿಯಲ್ಲಿದ್ದಳು. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನಿಂದ ಒಂದು ಹೆಣ್ಣಿನ ದನಿ ಕೇಳಿಸಿತು. ಗಟ್ಟಿ, ಸ್ಪಷ್ಟ. ಯಾರೋ ಹೊಸಬರು ಸೇರಿರಬೇಕು ಎಂದುಕೊಂಡೆ.

“ಮೈ ಫಾದರ್-ಇನ್-ಲಾ ಟಾಕ್ಸ್ ಟೂ ಮಚ್. ಹಿಸ್ ಬುಲ್ಸ್ ಲಿಸನ್.”

ಕ್ಲಾಸಿಗೆ ಕ್ಲಾಸೇ ನಕ್ಕಿತು. ಎಸ್ ಎಲ್ಲಿರಬೇಕೋ ಅಲ್ಲಿತ್ತು. ಎಲ್ಲಿರಬಾರದೋ ಅಲ್ಲಿರಲಿಲ್ಲ.

ಮೆಟ್ಟಿಲ ಮೇಲೆಯೇ ಕೂತೆ. ಸೊಸೆಯಾಗಿ ಬಂದಾಗಿನಿಂದ ಅವಳ ಪೂರ್ತಿ ದನಿಯನ್ನು ನಾನು ಕೇಳಿರಲೇ ಇಲ್ಲ. ನಮ್ಮ ಮನೆಗಳಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವುದಿಲ್ಲ. “ರೊಟ್ಟಿ ಆಗ್ಯಾವಂತ” ಎಂದು ಬಾಗಿಲ ಮರೆಯಿಂದ ಗೋಡೆಗೆ ಹೇಳುತ್ತಾಳೆ. ಗೋಡೆಯಿಂದ ನಾನು ಕೇಳಿಸಿಕೊಂಡು ಊಟಕ್ಕೆ ಏಳುತ್ತೇನೆ. ಅಂಥವಳ ಮುಂದಿನ ಬೆಂಚಿನಲ್ಲಿ ಹೋಗಿ ಕೂತು, ಯಾಕೆ ಮಾತಾಡುವುದಿಲ್ಲ ಎಂದು ಊರೆಲ್ಲ ಕೇಳುತ್ತಿದ್ದೆ. ಕರ್ತೃ ಹಿಂದೆ ಇದ್ದಳು. ನಡುವೆ ಬಂದು ಕೂತ ದಪ್ಪ ಪದಗುಚ್ಛ ನಾನು.

ಮರುದಿನ ಟೀಚರಿಗೆ, “ನನಗ ವಯಸ್ಸಾತ್ರಿ, ತಲಿಗೆ ಹತ್ತವೊಲ್ಲದು, ಸಾಕು,” ಅಂದೆ. ಯಾವತ್ತೂ ವಾದಿಸುವವರು ಅಂದು ಒಮ್ಮೆಗೇ “ಆತ್ರಿ ಕಾಕಾ” ಅಂದುಬಿಟ್ಟರು. ಅವರಿಗೂ ಗೊತ್ತಿತ್ತೋ ಏನೋ. ಆಮೇಲೆ ನನ್ನ ಪಾಠವೆಲ್ಲ ಮೆಟ್ಟಿಲ ಮೇಲೆ, ಬಿಚ್ಚಿಟ್ಟ ಚಪ್ಪಲಿಗಳ ನಡುವೆ. ನನ್ನ ಸಲಹೆ ಇಷ್ಟೇ: ಭಾಷೆ ಕಲಿಯುವವರನ್ನು, ಯಾರ ಮುಂದೆ ತಪ್ಪಿದರೂ ನಡೆಯುತ್ತದೋ ಅಂಥವರ ನಡುವೆ ಬಿಡಿ. ಪ್ರೀತಿ ಇದ್ದರೆ ಸ್ವಲ್ಪ ದೂರ ಕೂತುಕೊಳ್ಳಿ.

ರಜೆ ಮುಗಿಯಿತು. ಪಾಠ ಮಾಡಿ ತೋರಿಸುವ ದಿನ ಶಾಲೆಯ ಗೇಟಿನವರೆಗೆ ಜೊತೆಗೆ ಹೋದೆ. ಮುಖ್ಯೋಪಾಧ್ಯಾಯಿನಿಯ ಹತ್ತಿರ ನಾನೇ ನಾಲ್ಕು ಮಾತಾಡಿ ಕುದುರಿಸಬೇಕೆಂಬ ಹಳೆಯ ಚಪಲ ಎದ್ದಿತು. ಟವೆಲು ಹೆಗಲಿಗೆ ಸರಿಪಡಿಸಿಕೊಂಡು ಒಳಗೆ ಕಾಲಿಡುವಷ್ಟರಲ್ಲಿ ಸುಜಾತಾ ನಿಂತಳು. ಅಲ್ಲಿ ಗೋಡೆಯೂ ಇತ್ತು, ಬಾಗಿಲೂ ಇತ್ತು. ಎರಡನ್ನೂ ಬಿಟ್ಟು ನನ್ನ ಮುಖವನ್ನೇ ನೋಡಿದಳು.

“ಮಾವಾರ, ನೀವು ಇಲ್ಲೇ ಗಿಡದ ಬುಡಕ ಕುಂಡ್ರಿ. ಒಳಗ ಬರಬ್ಯಾಡ್ರಿ.”

ಮಾತು ಗಟ್ಟಿಯಾಗಿಯೇ ಇತ್ತು. ಬಾಯಿ ತೆರೆದಿದೆ, ಇನ್ನು ಮಕ್ಕಳ ಮುಂದೆ ಮುಚ್ಚುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಮುಂದೆ ಹಾಗೆಯೇ ಆಯಿತು, ಕೆಲಸವೂ ಸಿಕ್ಕಿತು. ಬೇವಿನ ಗಿಡದ ಬುಡಕ್ಕೆ ಹೋಗಿ ಟವೆಲು ಹಾಸಿಕೊಂಡು ಕೂತೆ. ಇಷ್ಟು ವರ್ಷದ ವ್ಯಾಪಾರದಲ್ಲಿ, ಎದುರಿನವರ ಮೊದಲ ಮಾತಿಗೇ ನಾನು ಒಪ್ಪಿಕೊಂಡದ್ದು ಅದೊಂದೇ ಸಲ.