ಬಸರಿ ಮರದ ಹೊನ್ನಕ್ಕಿ

ಮೇಲವಂಕಿಯ ಮಾಲಿಂಗನಿಗೆ ಐವತ್ತು ದಾಟಿದೆ. ಒಂದಿಷ್ಟು ಆಡು, ಒಂದಿಷ್ಟು ಕುರಿ, ಹೆಂಡತಿ ಶೆಟ್ಟೆವ್ವ, ಊರ ಹಿಂದಿನ ಕುರುಚಲು ಕಾಡು, ಇಷ್ಟೇ ಅವನ ಬದುಕು. ಕುಡುಕನಲ್ಲ, ಜಗಳಗಂಟನಲ್ಲ. ಅವನಿಗಿದ್ದ ರೋಗ ಒಂದೇ, ಹೊಟ್ಟೆಕಿಚ್ಚು. ಅದೂ ಊರವರೆಲ್ಲರ ಮೇಲಲ್ಲ, ಯಲ್ಲಾಲಿಂಗನೊಬ್ಬನ ಮೇಲೆ.

ಯಲ್ಲಾಲಿಂಗ ಅವನ ಓರಗೆಯವ, ಕಬ್ಬು ಬೆಳೆಯುವ ರೈತ. ಹೋಳಿ ಮುಗಿದು ಕಾಡು ಚಿಗುರಿತೆಂದರೆ ಭಾನುವಾರ ಬೆಳಗ್ಗೆ ಮೂಡಲಗಿ, ಗೋಕಾಕದ ಕಡೆಯಿಂದ ಬಂದವರನ್ನು ಅಲ್ಲಿ ಸುತ್ತಾಡಿಸುತ್ತಾನೆ. ಮುತ್ತುಗದ ಹೂವಿಗೆ ಮುತ್ತುವ ಸೂರಕ್ಕಿ, ಹೊಂಗೆಯ ಮಿರಿಮಿರಿ ಹೊಸ ಎಲೆ, ಪೊದೆಯಿಂದೆದ್ದು ಓಡುವ ಕೌಜುಗ, ಎಲ್ಲವನ್ನೂ ರಸವತ್ತಾಗಿ ಹೇಳುತ್ತಾನೆ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಹೇಳುತ್ತಾನೆ. ಮಾಲಿಂಗನಿಗೆ ಉರಿಯುತ್ತಿದ್ದುದೂ ಅದಕ್ಕೇ. ಯಲ್ಲಾಲಿಂಗ ಬೆರಳು ತೋರಿಸಿದತ್ತ ಅಷ್ಟೂ ಜನ ಕತ್ತೆತ್ತಿ ನೋಡುವಾಗ ಮಾಲಿಂಗ ಆಡುಗಳ ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದ. ದಿನವೂ ಇಲ್ಲಿ ಬಿಸಿಲಿಗೆ ಒಣಗುವವನು ನಾನು, ಮೆರೆಯುವವನು ಅವನು!

ಮನೆಯಲ್ಲೂ ಅದೇ ಕಾಟ.

“ಯಲ್ಲಾಲಿಂಗಣ್ಣ ಎಷ್ಟ ಚಂದ ಹೇಳ್ತಾರ್ರಿ. ಕೇಳಕೋಂತ ಕುಂತ್ರ ಹಸಿವಿ ಸೈತ ಆಗೂದಿಲ್ಲ,” ಎಂದಳು ಶೆಟ್ಟೆವ್ವ ಒಮ್ಮೆ.

“ಹಂಗಾರ ಇವತ್ತ ರೊಟ್ಟಿ ಬಡೀಬ್ಯಾಡ. ಅವನ ಮಾತಽ ತಿಂದ ಮಲಕೋ,” ಎಂದು ಮಾಲಿಂಗ ಸಿಡಿದ.

ಯುಗಾದಿ ಕಳೆದ ಮೇಲೆ ಅವನ ಅದೃಷ್ಟ ತೆರೆಯಿತು. ಹಳ್ಳದ ದಂಡೆಯ ಬಸರಿ ಮರದಲ್ಲಿ, ಹೊಸ ಚಿಗುರಿನ ಮರೆಯಲ್ಲಿ ಹೊನ್ನಕ್ಕಿಯ ಗೂಡು ಕಂಡಿತು. ಹೆಣ್ಣು ಕಾವಿಗೆ ಕೂತಿತ್ತು, ಅರಿಸಿನ ಬಳಿದಂತಿದ್ದ ಗಂಡು ಬಂದು ಹೋಗುತ್ತಿತ್ತು. ಯಲ್ಲಾಲಿಂಗ ಇದನ್ನು ನೋಡಿಲ್ಲ ಎಂಬ ಸಂತೋಷ ಮಾಲಿಂಗನಿಗೆ ಹಕ್ಕಿಯನ್ನು ಕಂಡ ಸಂತೋಷಕ್ಕಿಂತ ದೊಡ್ಡದಾಯಿತು. ಈ ಭಾನುವಾರ ಜನ ಕತ್ತೆತ್ತುವುದು ನನ್ನ ಬೆರಳು ನೋಡಿ ಎಂದುಕೊಂಡ.

ಆದರೆ ಬಸರಿ ಚಿಗುರೆಂದರೆ ಆಡುಗಳಿಗೆ ಪ್ರಾಣ. ಅಷ್ಟರೊಳಗೆ ಯಾರಾದರೂ ಟೊಂಗೆ ಕಡಿದರೆ? ಅಲ್ಲಿ ಆಡು ಮೇಯಿಸುವವರದೊಂದು ಕಟ್ಟಳೆಯಿತ್ತು. ಮರಕ್ಕೆ ಯಾರು ಕಂಬಳಿಯ ಎಳೆ ಕಟ್ಟುತ್ತಾರೋ ಅದರ ಸೊಪ್ಪು ಅವರ ಮನೆಯ ಆಡಿಗೆ, ಬೇರೆಯವರು ಕೊಡಲಿ ಹಚ್ಚುವಂತಿಲ್ಲ. ಮಾಲಿಂಗ ಹೆಗಲ ಕಂಬಳಿಯಿಂದ ಕರಿ ಎಳೆ ಕಿತ್ತು ಕಾಂಡಕ್ಕೆ ಬಿಗಿದ. ಗೂಡಿನ ಸುದ್ದಿ ಯಾರಿಗೂ ಹೇಳಲಿಲ್ಲ. ಶೆಟ್ಟೆವ್ವನಿಗಂತೂ ಇಲ್ಲವೇ ಇಲ್ಲ, ಅವಳಿಗೆ ಹೇಳಿದರೆ ಯಲ್ಲಾಲಿಂಗನಿಗೆ ಹೇಳಿದಂತೆಯೇ.

ಶನಿವಾರ ಅವನು ಮಸಗುಪ್ಪಿಯ ನೆಂಟರ ಮನೆಗೆ ಹೋದ, ರಾತ್ರಿ ಅಲ್ಲೇ ಉಳಿದ. ಆಡುಗಳ ಹಿಂದೆ ಶೆಟ್ಟೆವ್ವ ಹೋದಳು.

ಭಾನುವಾರ ಬೆಳಗ್ಗೆ ಅಲ್ಲಿಂದ ಮರಳಿದವನೇ ಮಾಲಿಂಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಡು ನೋಡಲು ಬಂದವರ ಮುಂದೆ ನಿಂತ.

“ಇವತ್ತ ನನ್ನ ಹಿಂದ ಬರ್ರಿ. ಯಲ್ಲಾಲಿಂಗಗೂ ಗೊತ್ತಿಲ್ಲದ್ದ ತೋರಸ್ತೇನಿ.”

“ನಡಿಯಪಾ, ನಾನೂ ನೋಡ್ತೇನಿ,” ಎಂದು ಯಲ್ಲಾಲಿಂಗ ನಗುತ್ತಲೇ ಹಿಂದೆ ಬಂದ.

ಹಳ್ಳದ ದಂಡೆಯಲ್ಲಿ ಬಸರಿ ಬೋಳಾಗಿ ನಿಂತಿತ್ತು. ಕಡಿದ ಟೊಂಗೆಗಳ ನಡುವೆ ಗೂಡು ಮಗುಚಿ ಬಿದ್ದಿತ್ತು, ಒಡೆದ ತತ್ತಿಗೆ ಇರುವೆ ಮುತ್ತಿದ್ದವು. ಹಳದಿ ಗಂಡು ಪಕ್ಕದ ಮರದಲ್ಲಿ ಒಂದು ಕಡೆ ಕೂರದೆ ಕೂಗುತ್ತಿತ್ತು. ಮೂಡಲಗಿಯಿಂದ ಬಂದಿದ್ದ ಸುಮನ ಟೀಚರು ಬಾಯಿಗೆ ಸೆರಗು ಹಿಡಿದರು.

ಅಲ್ಲೇ ಆಡು ಮೇಯಿಸುತ್ತಿದ್ದ ಶೆಟ್ಟೆವ್ವ ಓಡಿ ಬಂದಳು.

“ನಿನ್ನೆ ನಾನಽ ಕಡದೇನ್ರಿ. ನೀವು ನಿಮ್ಮ ಕಂಬಳಿ ಎಳಿ ಕಟ್ಟಿದ್ರಿ, ನಮ್ಮ ಮರಿಗೋಳಿಗೆ ಇಟ್ಟೀರಿ ಅನಕೊಂಡೆ. ಎಲಿಯಾಗ ಗೂಡು ಕಾಣಲೇ ಇಲ್ಲ. ಒಂದ ಮಾತ ಹೇಳಬಾರದಿತ್ತೇನ್ರಿ?”

ಯಲ್ಲಾಲಿಂಗ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ಮಾಲಿಂಗನಿಗೆ ಅದನ್ನೂ ಸಹಿಸಲಾಗಲಿಲ್ಲ.

“ನನಗಾರ ಹೇಳಬಾರದೇನೋ? ಹಗಲೆಲ್ಲಾ ಇಲ್ಲೇ ಕಾದಕೊಂಡ ಕುಂದರತಿದ್ದೆ,” ಎಂದ ಯಲ್ಲಾಲಿಂಗ.

“ನಿನಗ ಹೇಳಿದ್ರ ಅದು ನಿಂದಽ ಆಗತಿತ್ತು!”

ಮಾಲಿಂಗ ಕೂಗಿಬಿಟ್ಟಿದ್ದ. ಶೆಟ್ಟೆವ್ವ ತಲೆ ತಗ್ಗಿಸಿದಳು. ಅಷ್ಟೂ ಜನ ಮರವನ್ನು ಬಿಟ್ಟು ಮಾಲಿಂಗನನ್ನೇ ನೋಡುತ್ತಿದ್ದರು.