ಅಪ್ಪನ ಕಾರು ಚೀರುವುದು ಬಿಟ್ಟಿತು

ಸಾರಿ ಫ್ರೆಂಡ್ಸ್, ಎಕ್ಸಾಂ ಹೊತ್ತಲ್ಲಿ ಪೋಸ್ಟ್ ಹಾಕುತ್ತಿದ್ದೇನೆ, ಆದರೆ ಹೇಳದೆ ಇರಲಾಗುತ್ತಿಲ್ಲ. ಇವತ್ತು ನಮ್ಮ ಅಂಗಳದಲ್ಲೇ ಅಪ್ಪನ ಕಾರಿನ ಚೀರುತ್ತಿದ್ದ ಇಂಜಿನ್ ಬೆಲ್ಟ್, ಅದು ಸುತ್ತುವ ಪುಲ್ಲಿ ಎಲ್ಲ ನಾನೇ ಬದಲಿಸಿದೆ! ಸ್ಟಾರ್ಟ್ ಮಾಡಿದರೆ, ಆ ಕೀರಲು ಸದ್ದೇ ಇಲ್ಲ! ಅಪ್ಪ ಖುಷಿಯಿಂದ ಜೇವರ್ಗಿಗೆ ಹೋಗಿ ಮಧ್ಯಾಹ್ನ ಬಂದರೆ ಒಲೆ ತಣ್ಣಗಿತ್ತು.

“ರೊಟ್ಟಿ ಇನ್ನಾ ಆಗಿಲ್ಲೇನ?” ಎಂದರು.

“ಗಾಡಿ ಚೀರೂದು ಕೇಳಿದ ಮ್ಯಾಲೇ ದಿನಾ ಹಂಚು ಇಡ್ತಿದ್ದೆರಿ. ನಿಮ್ಮ ಮಗಳು ಅದರ ಬಾಯಿ ಮುಚ್ಚ್ಯಾಳ,” ಎಂದಳು ಅವ್ವ.

“ಅಪ್ಪ ಹಾರ್ನ್ ಹೊಡೀಲಿ,” ಎಂದೆ.

“ಹಾರ್ನ್ ಊರೆಲ್ಲಾ ಹೊಡೀತದ. ಆ ಚೀರೂದು ನಮ್ಮ ಗಾಡೀದೇ ಇತ್ತು. ಹಳೇ ಬೆಲ್ಟ್ ಹಾಕಬೇ!”

ಹಸಿದಿದ್ದ ಅಪ್ಪನೂ ತಲೆಯಾಡಿಸಿದರು. ಹಳೆಯ ಬೆಲ್ಟನ್ನು ನನ್ನ ಮಂಚದ ಕೆಳಗೆ ಬಚ್ಚಿಟ್ಟಿದ್ದೇನೆ, ಅವ್ವ ಹುಡುಕುತ್ತಿದ್ದಾಳೆ. ಅವಳನ್ನು ಒಪ್ಪಿಸುವುದು ಹೇಗೆ? ಬೇಗ ರಿಪ್ಲೈ ಮಾಡಿ.